ಮಾವನ ಕೈಗೆ ಹೊಂದಿದ ಬಾಣಗಳು

ಮಾವ ಇಪ್ಪತ್ತು ವರ್ಷ ಕಾರ್ಬನ್ ಬಾಣವನ್ನು ಬೈದುಕೊಂಡು ಬಂದವರು. ಬಿಲ್ಲುಗಾರರ ಸಂಘದ ವಾರ್ಷಿಕ ಕೂಟದಲ್ಲಿ ಅಧ್ಯಕ್ಷರಾದ ಅವರ ಭಾಷಣ ಅಂದರೆ ಅದೇ: ಮರದ ಬಿಲ್ಲಿಗೆ ಮರದ ಬಾಣ, ಮಿಕ್ಕಿದ್ದೆಲ್ಲ ಪ್ಲಾಸ್ಟಿಕ್ ಕಡ್ಡಿ. ಕೇಳುವವರು ತಲೆದೂಗುತ್ತಿದ್ದರು, ಯಾಕೆಂದರೆ ಭಾಷಣ ಮುಗಿದ ಮೇಲೆಯೇ ಚಹಾ. ಇಪ್ಪತ್ತೊಂದನೆಯ ವರ್ಷ ಒಂದು ಶನಿವಾರ ಮಾವ ಒಂದು ಡಜನ್ ಕಾರ್ಬನ್ ಬಾಣಗಳನ್ನು ಹಳೇ ಪೇಪರಿನಲ್ಲಿ ಸುತ್ತಿ, ಕಂಕುಳಲ್ಲಿ ಅವುಚಿಕೊಂಡು, ಹೇಳಿಕೊಳ್ಳಲಾಗದ ಕಾಯಿಲೆಗೆ ಔಷಧ ತಂದವರ ಹಾಗೆ ಹಿತ್ತಲ ಬಾಗಿಲಿನಿಂದ ಒಳಗೆ ಬಂದರು.

ಮರದ ಬಾಣಗಳು ಮೋಸ ಮಾಡುತ್ತಿವೆ, ಗಾಳಿಯ ತೇವಕ್ಕೆ ಡೊಂಕಾಗುತ್ತಿವೆ ಅನ್ನುವುದು ಅವರ ವಿವರಣೆ. ಸಂಘದ ಅಕೌಂಟೆಂಟು ಹೋದ ವರ್ಷ ಗೆದ್ದದ್ದು ಮರದ ಬಣ್ಣದ ಸ್ಟಿಕ್ಕರ್ ಸುತ್ತಿದ ಕಾರ್ಬನ್ನಿನಿಂದ ಅನ್ನುವುದನ್ನು ಅವರು ಹೇಳಲಿಲ್ಲ. ಅದು ಎಲ್ಲರಿಗೂ ಗೊತ್ತಿತ್ತು. ಸಂಘದ ಅರ್ಧ ಜನರ ಬತ್ತಳಿಕೆಯಲ್ಲಿ ಅದೇ ಸ್ಟಿಕ್ಕರು. ಒಂದೇ ಅಂಗಡಿಯದಾದ್ದರಿಂದ ಎಲ್ಲರ ಮರಕ್ಕೂ ಒಂದೇ ಜಾಗದಲ್ಲಿ ಒಂದೇ ಗಂಟು.

"ಇವಕ್ಕೂ ಅದನ್ನ ಸುತ್ತು," ಅಂತ ಮಾವ ಕಟ್ಟನ್ನು ಅಳಿಯನ ಮುಂದಿಟ್ಟರು. "ಆಮೇಲೆ ನನ್ನ ಬಿಲ್ಲಿಂದ ನೆಟ್ಟಗೆ ಹಾರೋ ಹಾಗೆ ಮಾಡು."

ಅಳಿಯ ಆಗಲಿ ಅಂದ. ಆ ಮನೆಯಲ್ಲಿ ಅವನು ಅತಿ ಹೆಚ್ಚು ಬಳಸಿದ ಮಾತು ಅದು.

ಮನೆಯ ಕೆಳ ಅಂತಸ್ತಿನಲ್ಲಿ ಮಾವನ ಹಲ್ಲಿನ ಲ್ಯಾಬು. ದಂತವೈದ್ಯರು ಕಳಿಸುವ ಅಚ್ಚಿಗೆ ಪ್ಲಾಸ್ಟರ್ ಹುಯ್ದು, ಗುಲಾಬಿ ಮೇಣದಲ್ಲಿ ಒಸಡು ಕಟ್ಟಿ, ಹಲ್ಲು ಕೂರಿಸಿ, ಸೆಟ್ಟು ಮಾಡಿ ಕಳಿಸುವ ಕೆಲಸ. ಮೇಲಿನ ಅಂತಸ್ತಿನಲ್ಲಿ ಮಾವ, ಅತ್ತೆ, ಅವರ ಒಬ್ಬಳೇ ಮಗಳು, ಮತ್ತು ಅವಳನ್ನು ಮದುವೆಯಾದ ತಪ್ಪಿಗೆ ಅಳಿಯ. ಮದುವೆಗೆ ಮುಂಚೆ ಅವನು ಕೆಳಗೆ ಕೆಲಸಕ್ಕಿದ್ದ. ಮದುವೆಯಾದ ಮೇಲೆ ಮೇಲೂ ಕೆಲಸಕ್ಕಿದ್ದಾನೆ ಅಂತ ಲ್ಯಾಬಿಗೆ ಬರುವ ಕೊರಿಯರಿನವನು ಒಮ್ಮೆ ತಮಾಷೆ ಮಾಡಿದ್ದ. ಅಳಿಯ ನಕ್ಕಿದ್ದ. ನಗು ಬಂದಿರಲಿಲ್ಲ.

ಮನೆ ಗಡಿಯಾರದ ಹಾಗೆ ನಡೆಯುತ್ತದೆ ಅಂತ ಮಾವನಿಗೆ ಹೆಮ್ಮೆ. ಅದು ನಿಜವೇ. ಅವರು ಮಲಗುವ ಎಂಟು ಗಂಟೆಗೆ ರೇಡಿಯೋ ತಾನೇ ತಾನಾಗಿ ಪಿಸುಮಾತಿಗೆ ಇಳಿಯುತ್ತಿತ್ತು. ಅವರು ಮಹಡಿ ಮೆಟ್ಟಿಲಲ್ಲಿದ್ದರೆ ಬೇರೆಯವರು ಗೋಡೆಗೆ ಅಂಟಿಕೊಂಡು ನಿಲ್ಲುತ್ತಿದ್ದರು. ಅವರು ಮಾತಾಡುವಾಗ ಅತ್ತೆ ಕುಕ್ಕರಿನ ಸೀಟಿಯನ್ನು ಚಮಚದಿಂದ ಎತ್ತಿ ಹಿಡಿಯುತ್ತಿದ್ದರು. ಯಾರೂ ಯಾರಿಗೂ ಹೇಳಿಕೊಟ್ಟದ್ದಲ್ಲ. ಮನೆಯ ಮಧ್ಯೆ ಒಂದು ಕಂಬ ಇದ್ದರೆ ಜನ ಹೇಗೆ ನೋಡದೆಯೇ ಸುತ್ತಿ ಹೋಗುತ್ತಾರೋ ಹಾಗೆ. ನಾನು ಯಾರಿಗೂ ಯಾವತ್ತೂ ಅಡ್ಡ ಬಂದವನಲ್ಲ ಅಂತ ಕಂಬ ಆಗಾಗ ಹೇಳಿಕೊಳ್ಳುತ್ತಿತ್ತು.

ಆ ತಿಂಗಳ ಮೊದಲ ವಾರ ಹೆಂಡತಿ ಒಂದು ಮನೆ ನೋಡಿ ಬಂದಿದ್ದಳು. ದರ್ಜಿ ಅಂಗಡಿಯ ಮೇಲೆ ಎರಡು ಕೋಣೆ, ಬೀದಿಗೆ ತೆರೆಯುವ ಒಂದು ಕಿಟಕಿ. ಕೆಲಸ ಲ್ಯಾಬಿನಲ್ಲೇ ಇರಲಿ, ಬಾಳು ಬೇರೆ ಕಡೆ ಇರಲಿ ಅನ್ನುವುದು ಅವಳ ಲೆಕ್ಕ. ಆ ಮನೆಯ ಮಾಲೀಕರು ತಿಂಗಳ ಕೊನೆಯವರೆಗೆ ಕಾಯುತ್ತಾರೆ. ಅಪ್ಪನಿಗೆ ಹೇಳಬೇಕಾದವನು ಗಂಡ, ಯಾಕೆಂದರೆ ಅವಳು ಹೇಳಿದರೆ ಅಪ್ಪ ಅದನ್ನು ಮಗಳ ಮುನಿಸು ಅಂದುಕೊಂಡು ಎರಡು ದಿನ ಮುದ್ದು ಮಾಡಿ ಮುಗಿಸುತ್ತಾರೆ.

"ನೀನು ಹೇಳಿದ್ರೆ ಇಬ್ರೂ ಹೋಗೋಣ," ಅಂದಿದ್ದಳು. "ಹೇಳದಿದ್ರೆ ನಾನೊಬ್ಳೇ ಹೋಗ್ತೀನಿ. ಕೋಪ ಅಲ್ಲ ಇದು. ಮನೆ ಚೆನ್ನಾಗಿದೆ."

ಹಾಗಾಗಿ ಕಾರ್ಬನ್ ಬಾಣಗಳು ಬಂದಾಗ ಅಳಿಯನಿಗೆ ದಾರಿ ಕಂಡಂತಾಯಿತು. ಬಾಣ ನೆಟ್ಟಗೆ ಹಾರಿದರೆ ಮಾವನ ಮನಸ್ಸು ಹಗುರಾಗುತ್ತದೆ, ಆಗ ಹೇಳಬಹುದು. ಹೇಡಿಗಳು ಮುಹೂರ್ತವನ್ನು ಬಹಳ ಶ್ರದ್ಧೆಯಿಂದ ಹುಡುಕುತ್ತಾರೆ. ಅಂದಿನಿಂದ ಅವನು ತನ್ನ ಬಾಳಿನ ಒಂದು ವಾಕ್ಯವನ್ನು ಹನ್ನೆರಡು ಕಪ್ಪು ಕಡ್ಡಿಗಳಿಗೆ ಕಟ್ಟಿಹಾಕಿ ಕೆಲಸಕ್ಕೆ ಕೂತ.

ಕೆಲಸ ಸಣ್ಣದಲ್ಲ. ಮಾವನ ಬಿಲ್ಲು ಆಳೆತ್ತರದ ಒಂದೇ ಮರದ ಕೋಲು. ಈ ಕಾಲದ ಬಿಲ್ಲುಗಳಲ್ಲಿ ಬಾಣ ಹಾಯಲು ನಡುವೆ ಕಚ್ಚು ಕೆತ್ತಿರುತ್ತಾರೆ, ಇದರಲ್ಲಿ ಅದಿಲ್ಲ. ಬಾಣ ಕೋಲಿನ ಎಡಮಗ್ಗುಲಲ್ಲಿ, ಹಿಡಿದ ಮುಷ್ಟಿಯ ಮೇಲೆ ಕೂರಬೇಕು. ಹೆದೆ ಬಿಟ್ಟ ಕೂಡಲೆ ಅದರ ದಾರಿಗೆ ಕೋಲೇ ಅಡ್ಡ. ಆದ್ದರಿಂದ ಬಾಣ ಹಾವಿನ ಹಾಗೆ ಬಳುಕಿ, ಕೋಲನ್ನು ಬಳಸಿ ಆಚೆ ದಾಟಿ, ಆಮೇಲೆ ನೆಟ್ಟಗಾಗಬೇಕು. ಬಳುಕದಷ್ಟು ಬಿರುಸಾದರೆ ಎಡಕ್ಕೆ ಸಿಡಿಯುತ್ತದೆ. ಅತಿಯಾಗಿ ಬಳುಕಿದರೆ ಬಲಕ್ಕೆ ಜಾರುತ್ತದೆ. ಮರ ಹೇಗೋ ಹೊಂದಿಕೊಳ್ಳುತ್ತದೆ. ಕಾರ್ಬನ್ ಹಟಮಾರಿ, ಅದನ್ನು ತೂಕ ಕೊಟ್ಟು, ಉದ್ದ ನೋಡಿ ಒಲಿಸಿಕೊಳ್ಳಬೇಕು. ಗರಿ ಇರುವ ಬಾಣವನ್ನು ನೋಡಿ ಇದೆಲ್ಲ ತಿಳಿಯುವುದಿಲ್ಲ, ಗರಿಗಳು ತಪ್ಪನ್ನೆಲ್ಲ ಹಾರುತ್ತಲೇ ತಿದ್ದಿ ಮುಚ್ಚಿಹಾಕುತ್ತವೆ. ಅದಕ್ಕೇ ಒಂದೆರಡು ಬಾಣಕ್ಕೆ ಗರಿಯನ್ನೇ ಅಂಟಿಸದೆ, ಬೋಳಾಗಿ ಹೊಡೆದು ನೋಡುವುದು. ಬೋಳು ಬಾಣಕ್ಕೆ ನಯವಿಲ್ಲ, ನಾಚಿಕೆಯಿಲ್ಲ.

ಭಾನುವಾರ ಬೆಳಿಗ್ಗೆ ಹಿತ್ತಲ ಗೋಡೆಗೆ ಹುಲ್ಲಿನ ಗುರಿ ಒರಗಿಸಿ ಮಾವ ಹೊಡೆದರು. ಗರಿಯ ಬಾಣಗಳು ನಡುವಿಗೆ ಹತ್ತಿರ ಬಿದ್ದವು. ಬೋಳು ಬಾಣ ಒಂದು ಮೊಳ ಎಡಕ್ಕೆ ಹೋಗಿ, ಬಾಲ ಬಲಕ್ಕೆ ಚಾಚಿ, ಸೊಟ್ಟಗೆ ನಾಟಿಕೊಂಡಿತು.

"ಬಿರುಸು ಜಾಸ್ತಿ," ಅಂದರು ಮಾವ. ಪುಸ್ತಕದ ಪ್ರಕಾರ ಸರಿಯಾದ ಮಾತು.

ಅಳಿಯ ನೋಡುತ್ತಿದ್ದದ್ದು ಬಾಣವನ್ನಲ್ಲ. ದಿನವಿಡೀ ಕೂದಲೆಳೆಯ ಎತ್ತರ ತಗ್ಗು ನೋಡುವ ಕಣ್ಣು ಅವನದು. ಹೆದೆ ಬಿಡುವ ಗಳಿಗೆಯಲ್ಲಿ ಮಾವನ ಬಲಗೈ ಹಿಂದಕ್ಕೆ ಬರುತ್ತಿರಲಿಲ್ಲ. ಮುಖದ ಮೇಲಿನ ನೊಣ ಓಡಿಸುವ ಹಾಗೆ ಆಚೆಗೆ ಹಾರುತ್ತಿತ್ತು. ಆ ಬೆರಳುಗಳು ಹೆದೆಯನ್ನು ಬಿಡುತ್ತಿರಲಿಲ್ಲ, ಪಕ್ಕಕ್ಕೆ ಕಿತ್ತೆಸೆಯುತ್ತಿದ್ದವು. ಬಾಣದ ಬಾಲವನ್ನು ಬಲಕ್ಕೆ ತಳ್ಳಿದರೆ ಮೂತಿ ಎಡಕ್ಕೆ ಹೋಗದೆ ಇನ್ನೆಲ್ಲಿಗೆ ಹೋಗಬೇಕು. ತಪ್ಪು ಬಾಣದ್ದಲ್ಲ.

ಅಳಿಯ ಬಾಯಿ ತೆರೆದ.

"ಏನು?" ಅಂದರು ಮಾವ.

"ಏನಿಲ್ಲ. ಬಿರುಸು ಜಾಸ್ತಿ."

ಕೆಳಗೆ ಹೋಗಿ ಬೆಂಚಿನ ಮುಂದೆ ಕೂತಾಗ ಅವನಿಗೆ ತನ್ನ ಮೇಲೆ ಅಸಹ್ಯವೇನೂ ಆಗಲಿಲ್ಲ. ಆಗದಂತೆ ಅವನ ಕಸುಬು ಅವನನ್ನು ಕಾಪಾಡಿತು. ಇಲ್ಲಿ ಕೆಲಸಕ್ಕೆ ಸೇರಿದ ಹೊಸತರಲ್ಲಿ ಮಾವನೇ ಹೇಳಿಕೊಟ್ಟ ಪಾಠವೊಂದಿತ್ತು: ಸೊಟ್ಟಗೆ ಕಚ್ಚುವ ಬಾಯಿಗೆ ಸೊಟ್ಟಗೇ ಹಲ್ಲು ಕೂರಿಸು. ಚಂದ ಕಾಣಲಿ ಅಂತ ನೆಟ್ಟಗೆ ಕೂರಿಸಿದರೆ ಆ ಮನುಷ್ಯ ಅಗಿಯಲಾರ, ಸೆಟ್ಟನ್ನು ತೆಗೆದು ಮುಖಕ್ಕೆ ಎಸೆಯುತ್ತಾನೆ. ಬಾಯಿಯ ಅಭ್ಯಾಸ ತಿದ್ದುವುದು ನಮ್ಮ ಕೆಲಸ ಅಲ್ಲ. ಅಳಿಯ ಕೈಯನ್ನೂ ಒಂದು ಬಾಯಿ ಅಂದುಕೊಂಡ. ಬೇರೆ ಯಾವ ಕಸುಬಿನವನಾಗಿದ್ದರೂ ಈ ತಪ್ಪನ್ನು ಇಷ್ಟು ಅಚ್ಚುಕಟ್ಟಾಗಿ ಮಾಡುತ್ತಿರಲಿಲ್ಲ.

ಬಾಣದ ಮುಂತೂಕ ಹೆಚ್ಚಿದಷ್ಟೂ ಕಡ್ಡಿ ಹೆಚ್ಚು ಬಳುಕುತ್ತದೆ. ಮೊನೆಯನ್ನು ಕಡ್ಡಿಯೊಳಗೆ ಹಿಡಿದಿದ್ದ ಅಂಟನ್ನು ಅವನು ಬಿಸಿನೀರಲ್ಲಿ ಅದ್ದಿ ಸಡಿಲಿಸಿದ. ಬೆಂಕಿ ತಾಗಿದರೆ ಕಾರ್ಬನ್ ಒಳಗೊಳಗೇ ಸೀದು ಹೋಗುತ್ತದೆ. ಮೊನೆಯ ಹಿಂದೆ ಹಿತ್ತಾಳೆಯ ಸಣ್ಣ ತುಂಡು ಸೇರಿಸಿದ. ಬಾಣ ಎಡದಿಂದ ನಾಲ್ಕು ಬೆರಳು ಒಳಗೆ ಬಂತು. ಇನ್ನೊಂದು ತುಂಡು. ಬಿಲ್ಲಿನ ಮಗ್ಗುಲಿಗೆ ಅಂಟಿಸಿದ್ದ ದಪ್ಪ ಚರ್ಮದ ಪಟ್ಟಿ ಕಿತ್ತು ತೆಳುವಾದದ್ದು ಹಾಕಿದ, ಬಾಣ ಕೋಲಿಗೆ ಇನ್ನಷ್ಟು ಹತ್ತಿರವಾಯಿತು. ಸಂಜೆ ಸಂಜೆ ಮಾವ ಹೊಡೆಯುವುದು, ನೊಣ ಓಡಿಸುವುದು. ಬೆಳಿಗ್ಗೆ ಅಳಿಯ ಹಲ್ಲು ತೂಗುವ ತಕ್ಕಡಿಯಲ್ಲಿ ಹಿತ್ತಾಳೆ ತೂಗುವುದು. ಪ್ಲಾಸ್ಟರಿನ ದವಡೆಗಳು ಸಾಲಾಗಿ ಕೂತು ಇದನ್ನೆಲ್ಲ ಬಾಯಿ ತೆರೆದುಕೊಂಡು ನೋಡುತ್ತಿದ್ದವು. ಆ ಕೋಣೆಯಲ್ಲಿ ಬಾಯಿ ತೆರೆಯುವ ಧೈರ್ಯ ಇದ್ದದ್ದು ಅವಕ್ಕೆ ಮಾತ್ರ.

ಅದೇ ದಿನಗಳಲ್ಲಿ ಗಂಡ ಹೆಂಡತಿ ಮಲಗುವ ಮಂಚ ಅಲ್ಲಾಡತೊಡಗಿತು. ಮಗ್ಗುಲು ತಿರುಗಿದರೆ ಕಿರ್ ಅನ್ನುತ್ತಿತ್ತು. ಅಳಿಯ ಬಾಣದ ಡಬ್ಬಿಯ ರಟ್ಟು ಮಡಿಸಿ ಒಂದು ಕಾಲಿನ ಕೆಳಗೆ ತುರುಕಿದ. ಮಾರನೆಯ ದಿನ ಇನ್ನೊಂದು ಕಾಲಿಗೂ. ಹೆಂಡತಿ ಅದನ್ನು ನೋಡಿದಳು. ಅಪ್ಪನ ಹತ್ತಿರ ಮಾತಾಡಿದೆಯಾ ಅಂತ ಮಾತ್ರ ಕೇಳಿದಳು. ಬಾಣ ಇನ್ನೊಂದು ಚೂರು ಎಡಕ್ಕಿದೆ ಅಂದ ಅವನು.

ಎರಡನೆಯ ವಾರದ ಕೊನೆಗೆ ಬೋಳು ಬಾಣ ಗರಿಯ ಬಾಣಗಳ ಮಧ್ಯೆ ಹೋಗಿ, ತಾನೂ ಅವರಲ್ಲೊಬ್ಬ ಅನ್ನುವ ಹಾಗೆ ನೆಟ್ಟಗೆ ನಾಟಿಕೊಂಡಿತು. ಮಾವ ಬಿಲ್ಲನ್ನು ಇಳಿಸಿ ಗುರಿಯನ್ನು ಬಹಳ ಹೊತ್ತು ನೋಡಿದರು. ಅವರ ಮುಖದಲ್ಲಿ ಅಪರೂಪದ ಮೃದುತ್ವ ಬಂತು. ಹೇಳುವುದಾದರೆ ಅದೇ ಗಳಿಗೆ.

"ನೋಡಿದ್ಯಾ," ಅಂದರು ಮಾವ, "ಕೈ ಶುದ್ಧ ಇದ್ರೆ ಬಾಣ ಎಂಥದ್ದಾದ್ರೂ ಸರಿ."

ಅಳಿಯ ಆ ಗಳಿಗೆಯನ್ನೂ ಮುಂದೂಡಿದ. ವಾರ್ಷಿಕ ಕೂಟದಲ್ಲಿ ಮಾವ ಗೆಲ್ಲಲಿ. ಗೆದ್ದ ಮನುಷ್ಯನಿಗೆ ಏನು ಹೇಳಿದರೂ ನಡೆಯುತ್ತದೆ. ಕೂಟ ಇದ್ದದ್ದು ತಿಂಗಳ ಕೊನೆಯ ಭಾನುವಾರ. ಹೆಂಡತಿಯ ಸೀರೆಗಳು ಕಪಾಟಿನಿಂದ ಒಂದೊಂದಾಗಿ ಸೂಟ್‌ಕೇಸಿಗೆ ಇಳಿಯುತ್ತಿದ್ದದ್ದನ್ನು ಅವನು ನೋಡಿದ, ಸೂಟ್‌ಕೇಸನ್ನು ಸುತ್ತಿಕೊಂಡು ಓಡಾಡಿದ.

ಕೂಟದ ದಿನ ಸಂಘದವರು ಹೊರಗಿನಿಂದ ಒಬ್ಬ ಕೋಚ್ ಮೇಡಂ ಅವರನ್ನು ಅತಿಥಿಯಾಗಿ ಕರೆಸಿದ್ದರು. ಕರೆಸಿದ್ದು ಹಾರ ಹಾಕಿ ಕುರ್ಚಿಯಲ್ಲಿ ಕೂರಿಸುವುದಕ್ಕೆ. ಆಕೆಗೆ ಅದು ತಿಳಿಯಲಿಲ್ಲ. ಬೆಳಗಿನ ಅಭ್ಯಾಸದ ಹೊತ್ತಿಗೆ ಚೂಯಿಂಗ್ ಗಮ್ ಅಗಿಯುತ್ತ ಸಾಲಿನ ಹಿಂದೆ ನಡೆದು ಬಂದವರು ಅಧ್ಯಕ್ಷರ ಬೆನ್ನ ಹಿಂದೆ ನಿಂತರು. ಎರಡು ಬಾಣ ನೋಡಿದರು.

"ಸಾರ್, ನಿಮ್ಮ ಕೈ ಆಚೆ ಹಾರ್ತಿದೆ," ಅಂದರು, ಪ್ಯಾಂಟಿಗೆ ಕೆಸರಾಗಿದೆ ಅನ್ನುವ ಧಾಟಿಯಲ್ಲಿ. "ಬೆರಳು ಸಡಿಲ ಬಿಡಿ. ಕೈ ತಾನಾಗೇ ಹಿಂದೆ ಬಂದು ಕಿವಿ ಮುಟ್ಟಲಿ."

ಸಾಲಿನಲ್ಲಿದ್ದವರೆಲ್ಲ ಬಿಲ್ಲು ಇಳಿಸಿದರು. ಇಪ್ಪತ್ತು ವರ್ಷದಿಂದ ಆ ಕೈ ಆಚೆ ಹಾರುವುದನ್ನು ನೋಡಿದವರು ಅವರು. ಪಕ್ಕದಲ್ಲಿ ನಿಲ್ಲಬೇಕಾದಾಗ ಕನ್ನಡಕ ಜೋಪಾನ ಮಾಡಿಕೊಳ್ಳಲು ಒಂದು ಹೆಜ್ಜೆ ಸರಿದು ನಿಂತವರು. ಮಾವ ಸಿಡುಕುತ್ತಾರೆ ಅಂತ ಎಲ್ಲರೂ ಕಾದರು. ಮಾವ ಸಿಡುಕಲಿಲ್ಲ. ಶಾಲೆಗೆ ಹೊಸದಾಗಿ ಸೇರಿದವರ ಹಾಗೆ ತಲೆಯಾಡಿಸಿ, ಬೆರಳು ಸಡಿಲ ಬಿಟ್ಟು, ಕಿವಿ ಮುಟ್ಟಿದರು. ಹತ್ತೇ ನಿಮಿಷದಲ್ಲಿ ಕೈ ಪಳಗಿತು. ಅಷ್ಟು ಸುಲಭವಾಗಿತ್ತು ಅದು. ಮರದ ಕೆಳಗೆ ನಿಂತಿದ್ದ ಅಳಿಯ ಬತ್ತಳಿಕೆಯನ್ನು ಎದೆಗೆ ಅವುಚಿಕೊಂಡ. ಕೈ ಪಳಗಿತು ಅಂತಲೋ, ಸುಲಭವಾಗಿತ್ತು ಅಂತಲೋ ಅವನಿಗೇ ಗೊತ್ತಾಗಲಿಲ್ಲ.

ಮಧ್ಯಾಹ್ನ ಸ್ಪರ್ಧೆ. ಅಧ್ಯಕ್ಷರು ಜೀವಮಾನದಲ್ಲೇ ಮೊದಲ ಸಲ ಶುದ್ಧವಾದ ಕೈಯಿಂದ ಹೊಡೆದರು. ಕೊಳಕು ಕೈಗೆ ಎಂದು ಪಳಗಿಸಿದ್ದ ಬಾಣ, ಮೂತಿಯಲ್ಲಿ ಅಷ್ಟು ಹಿತ್ತಾಳೆ ಹೊತ್ತದ್ದು, ಬಿಲ್ಲನ್ನು ದಾಟಿದ ಮೇಲೂ ಬಳುಕುತ್ತಲೇ ಬಲಕ್ಕೆ ಜಾರಿ, ಪಕ್ಕದ ಅಕೌಂಟೆಂಟಿನ ಗುರಿಗೆ ಹೋಗಿ ನಾಟಿತು. ಎರಡನೆಯದೂ ಅಲ್ಲಿಗೇ. ಮೂರನೆಯದು ನಡುವಿನ ಹಳದಿಗೇ ಬಿತ್ತು, ಅದೂ ಅಕೌಂಟೆಂಟಿನದ್ದೇ. ಬೇರೆಯವರ ಗುರಿಗೆ ಬಿದ್ದದ್ದಕ್ಕೆ ಸೊನ್ನೆ. ಅಧ್ಯಕ್ಷರು ನನ್ನ ಕೆಲಸವನ್ನೂ ತಾವೇ ಮಾಡಿಕೊಡುತ್ತಿದ್ದಾರೆ ಅಂತ ಅಕೌಂಟೆಂಟು ಬಹಳ ಮರ್ಯಾದೆಯಿಂದ ಹೇಳಿದ. ಯಾರೋ ಕೆಮ್ಮಿದರು, ನಗುವಿನ ಬದಲಿಗೆ.

ಸ್ಪರ್ಧೆ ಮುಗಿದ ಮೇಲೆ ಮಾವ ಎಲ್ಲರಿಗೂ ಕೇಳುವ ಹಾಗೆ, ಇದು ನಮ್ಮ ಅಳಿಯನ ಕೈಚಳಕ ಅಂದರು. ಆ ವರ್ಷದ ಭಾಷಣದಲ್ಲಿ ಪ್ಲಾಸ್ಟಿಕ್ ಕಡ್ಡಿಗೆ ಇನ್ನೂ ಹತ್ತು ನಿಮಿಷ ಸೇರಿತು.

ಮಾರನೆಯ ಬೆಳಿಗ್ಗೆ ಮಾವ ಲ್ಯಾಬಿಗೆ ಇಳಿದು ಬಂದು ಬತ್ತಳಿಕೆಯನ್ನು ಬೆಂಚಿನ ಮೇಲೆ ಸುರಿದರು. ಒಂದು ಕೆಳದವಡೆ ಉರುಳಿ ಬಿತ್ತು. ಅಳಿಯ ಹಲ್ಲಿಗೆ ಮೆರುಗು ಹಾಕುವ ಚಕ್ರದ ಮುಂದಿದ್ದ. ಮನೆಯ ಮಾಲೀಕರು ಕೊಟ್ಟ ಗಡುವಿಗೆ ಇನ್ನು ಎರಡು ದಿನ. ಮೇಲೆ ಸೂಟ್‌ಕೇಸಿನ ಬಾಯಿ ಮುಚ್ಚಿಯಾಗಿತ್ತು.

ಮಾವ ಬೈದರು. ಇಷ್ಟು ವರ್ಷ ಕಲಿಸಿದ್ದು ದಂಡ ಅಂದರು, ಕೈಗೆ ಬಂದದ್ದನ್ನು ಬಾಯಿಗೆ ಬರದ ಹಾಗೆ ಮಾಡಿದೆ ಅಂದರು, ಒಂದು ಕಡ್ಡಿ ನೆಟ್ಟಗೆ ಮಾಡಲು ಬಾರದವನ ಕೈಗೆ ಜನರ ಹಲ್ಲು ಕೊಟ್ಟಿದ್ದೇನಲ್ಲ ಅಂದರು. ಕೊನೆಯ ಮಾತು ಅಳಿಯನಿಗೆ ನಾಟಿತು. ಅವನಿಗೆ ಇದ್ದ ಅಭಿಮಾನ ಅದೊಂದೇ.

"ಬಾಣ ಸರಿಯಾಗಿತ್ತು ಮಾವ," ಅಂದ. "ಕೈ ಸರಿ ಇರಲಿಲ್ಲ. ನಿಮ್ಮ ಹಳೇ ಕೈಗೆ ಅಂತ ಮಾಡಿದ್ದು ಅವು."

ಮಾವ ನಿಂತರು. "ಹಳೇ ಕೈ ಸರಿ ಇಲ್ಲ ಅಂತ ನಿಂಗೆ ಗೊತ್ತಿತ್ತಾ?"

"ಗೊತ್ತಿತ್ತು."

"ಮತ್ತೆ ಯಾಕೆ ಹೇಳ್ಲಿಲ್ಲ?"

"ನೀವು ಕೇಳ್ಲಿಲ್ಲ."

"ಕೇಳಿದ್ರೆ?"

ಅಳಿಯ ಯೋಚಿಸಿದ. "ಕೇಳಿದ್ರೂ ಹೇಳ್ತಿರ್ಲಿಲ್ಲ."

ಚಕ್ರ ತಿರುಗುತ್ತಲೇ ಇತ್ತು. ಮಾವ ಒಂದು ಬಾಣ ಎತ್ತಿ, ಮೂತಿಯ ಭಾರವನ್ನು ಬೆರಳ ಮೇಲೆ ತೂಗಿ ನೋಡಿದರು. ಆಮೇಲೆ ನಡೆಯಬಾರದ ಒಂದು ಸಂಗತಿ ನಡೆಯಿತು. ಅವರು ನಕ್ಕರು.

"ಸೊಟ್ಟ ಬಾಯಿಗೆ ಸೊಟ್ಟ ಹಲ್ಲು. ನಾನೇ ಹೇಳಿಕೊಟ್ಟದ್ದು, ಅಲ್ವಾ?" ಅವರ ದನಿಯಲ್ಲಿ ಮೆಚ್ಚುಗೆ ಇತ್ತು. "ಸರಿ ಬಿಡು. ಬಾಣ ಇದ್ದ ಹಾಗೇ ಇರ್ಲಿ, ನಾನು ನನ್ನ ಹಳೇ ಕೈಗೇ ವಾಪಸ್ ಹೋಗ್ತೀನಿ. ಆ ಮೇಡಂ ಏನು ದಿನಾ ಬರ್ತಾರಾ."

ಅಂದರೆ ಕ್ಷಮಿಸಿದ್ದಾಯಿತು. ನೆಟ್ಟಗಾದ ಕೈಯನ್ನು ಮತ್ತೆ ಸೊಟ್ಟಗೆ ಮಾಡಿಕೊಂಡರೆ ಎಲ್ಲವೂ ಮೊದಲಿನಂತೆಯೇ. ಅಳಿಯನ ಮೈಯೆಲ್ಲ ಹಗುರಾಯಿತು, ಬಿಸಿನೀರಲ್ಲಿ ಅಂಟು ಸಡಿಲಾಗುವ ಹಾಗೆ. ಆ ಹಗುರವೇ ಅವನನ್ನು ಹೆದರಿಸಿದ್ದು. ಬೈಗುಳಕ್ಕೆ ಹೆದರದಷ್ಟು ಅವನು ಅದಕ್ಕೆ ಹೆದರಿದ. ಆಗಲಿ ಅನ್ನುವ ಮಾತು ನಾಲಿಗೆಯ ತುದಿಗೆ ಬಂದು ಕೂತಿತ್ತು. ಅವನು ಚಕ್ರವನ್ನು ನಿಲ್ಲಿಸಿದ.

"ನಾವು ಒಂದನೇ ತಾರೀಕು ಬೇರೆ ಮನೆಗೆ ಹೋಗ್ತಿದ್ದೀವಿ," ಅಂದ.

ಮಾವ ಬಾಣವನ್ನು ಕೆಳಗಿಟ್ಟರು, ಉಳಿದವನ್ನು ಅದರ ಪಕ್ಕಕ್ಕೆ ಒಂದೊಂದಾಗಿ ಜೋಡಿಸಿದರು, ಎಲ್ಲದರ ಸ್ಟಿಕ್ಕರಿನ ಗಂಟೂ ಒಂದೇ ಸಾಲಿಗೆ ಬರುವ ಹಾಗೆ.

"ಅಲ್ಲಿ ಮೆಟ್ಟಿಲು ಬಹಳ ಕಡಿದು," ಅಂದರು ಕೊನೆಗೆ.

ಅಳಿಯನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಯಾವ ಮನೆ ಅಂತ ಅವನು ಹೇಳಿರಲಿಲ್ಲ.

ಬಾಗಿಲಲ್ಲಿ ಅತ್ತೆ ಚಹಾ ಹಿಡಿದುಕೊಂಡು ನಿಂತಿದ್ದರು. ಯಾವಾಗ ಬಂದರೋ. "ಇವರನ್ನ ನಾನೇ ಕರ್ಕೊಂಡು ಹೋಗಿ ಮನೆ ತೋರಿಸಿದ್ದೆ," ಅಂದರು. "ನೀನು ಹೇಳ್ತೀಯ ಹೇಳ್ತೀಯ ಅಂತ ಇವರೂ ಕಾದ್ರು. ಮಂಚದ ಬೋಲ್ಟು ನಾನು ಸಡಿಲ ಮಾಡಿಟ್ಟು ಮೂರು ವಾರ ಆಯ್ತಪ್ಪ, ಬಿಚ್ಚೋಕೆ ಸುಲಭ ಆಗ್ಲಿ ಅಂತ. ನಿಂಗೆ ಅಲ್ಲಾಡ್ತಿರ್ಲಿಲ್ವಾ?"

ಅಲ್ಲಾಡುತ್ತಿತ್ತು ಅಂದ ಅಳಿಯ. ರಟ್ಟಿನ ವಿಷಯ ಹೇಳಲಿಲ್ಲ.

ಒಂದನೇ ತಾರೀಕು ಮಂಚ ನಿಜಕ್ಕೂ ಸುಲಭವಾಗಿ ಬಿಚ್ಚಿಕೊಂಡಿತು. ದರ್ಜಿ ಅಂಗಡಿಯ ಮೆಟ್ಟಿಲು ನಿಜಕ್ಕೂ ಕಡಿದಾಗಿತ್ತು. ಮಾವ ಮಂಚದ ಒಂದು ಕೊನೆ ಹಿಡಿದು ಹತ್ತಿದರು. ಮೆಟ್ಟಿಲ ಮೇಲೆ ಅವರು ಮೊದಲ ಸಲ ಬೇರೆಯವರಿಗೆ ದಾರಿ ಬಿಟ್ಟರು. ಆದರೆ ಅವರ ಹಳೇ ಕೈ ಮಾತ್ರ ವಾಪಸು ಬರಲಿಲ್ಲ. ಎಷ್ಟು ಪ್ರಯತ್ನಪಟ್ಟರೂ ಕೈ ಹಿಂದೆಯೇ ಬಂದು ಕಿವಿ ಮುಟ್ಟುತ್ತಿತ್ತು, ಬಾಣ ಬಲಕ್ಕೇ ಹೋಗುತ್ತಿತ್ತು. ಹಿತ್ತಾಳೆ ತೆಗೆದುಕೊಡು ಅಂತ ಅಳಿಯನನ್ನು ಕೇಳುವುದು ಅವರಿಗೆ ಆಗಲಿಲ್ಲ. ಒಂದು ಬೆಳಿಗ್ಗೆ ಅಳಿಯ ಲ್ಯಾಬಿನ ಬಾಗಿಲು ತೆರೆದಾಗ ಸ್ಪಿರಿಟ್ ದೀಪದ ಪಕ್ಕದಲ್ಲಿ ಸೀದ ಕಾರ್ಬನ್ನಿನ ವಾಸನೆ ಇತ್ತು. ಮೂತಿ ಸುಟ್ಟ ಒಂದು ಬಾಣವನ್ನು ಮಾವ ಬೆನ್ನ ಹಿಂದೆ ಹಿಡಿದುಕೊಂಡಿದ್ದರು.

"ಬಿಸಿನೀರು," ಅಂದ ಅಳಿಯ, ತನ್ನ ಬೆಂಚಿನ ಕಡೆ ನಡೆಯುತ್ತ. "ಬೆಂಕಿ ಅಲ್ಲ."

ಮಾವ ಹೂಂ ಅಂದರು. ಸ್ವಲ್ಪ ಹೊತ್ತಿಗೆ ನೀರು ಕುದಿಯುವ ಸದ್ದು ಕೇಳಿಸಿತು.

ಅವತ್ತು ಸಂಜೆ ಹೊಸ ಮನೆಯಲ್ಲಿ ಊಟ ಮುಗಿದಿತ್ತು. ಕೆಳಗೆ ದರ್ಜಿಯ ಮಷೀನು ಇನ್ನೂ ಓಡುತ್ತಿತ್ತು, ಕಿಟಕಿಯಿಂದ ಬೀದಿಯ ಗದ್ದಲವೆಲ್ಲ ಒಳಗೇ ಇತ್ತು. ಹೆಂಡತಿ ರೇಡಿಯೋ ಕೇಳುತ್ತ ಬಟ್ಟೆ ಮಡಿಸುತ್ತಿದ್ದಳು. ಅವನು ಮಾತಿನ ಮಧ್ಯೆ ಎದ್ದು, ಕೋಣೆಯ ನಡುವೆ ಏನೂ ಇಲ್ಲದ ಜಾಗವನ್ನು ಸುತ್ತಿ ಹೋಗಿ, ರೇಡಿಯೋದ ದನಿ ಇಳಿಸಿ ಬಂದು ಕೂತ. ಗಂಟೆ ಎಂಟಾಗಿತ್ತು.

ಹೆಂಡತಿ ಕೈಯಲ್ಲಿದ್ದ ಅಂಗಿಯನ್ನು ಹಾಗೇ ಹಿಡಿದುಕೊಂಡು ಅವನನ್ನು ನೋಡಿದಳು.

"ಇಲ್ಲಿ ಯಾರು ಮಲಗಿದ್ದಾರೆ?" ಅಂದಳು.

ಅವನು ಸುತ್ತ ನೋಡಿದ. ಆಮೇಲೆ ಎದ್ದು ಮತ್ತೆ ರೇಡಿಯೋದ ಕಡೆಗೆ ಹೊರಟ, ಈ ಸಲವೂ ಕೋಣೆಯ ಅಂಚು ಹಿಡಿದುಕೊಂಡೇ.